ಒಳ್ಳೆಯ ಕಣ್ಣಿಗೆ ಪಟ್ಟಿ

ಮೊನ್ನೆ ಗೋಡೆಗೆ ಬಣ್ಣ ಹೊಡೆಸಲೆಂದು ಫ್ರಿಜ್ಜನ್ನು ಸರಿಸಿದಾಗ ಅದರ ಹಿಂದೆ ಏನೋ ಒಂದು ಗೋಡೆಗೆ ಅಂಟಿಕೊಂಡು ಕುಳಿತಿತ್ತು. ಹಲ್ಲಿ ಎಂದುಕೊಂಡೆ. ಕಸಬರಿಗೆಯ ಹಿಡಿಯಿಂದ ತಿವಿದೆ, ಅಲುಗಲಿಲ್ಲ. ಸತ್ತ ಹಲ್ಲಿಯಾದರೆ ಬಾಲ ಎಲ್ಲಿ ಎಂದು ಬಗ್ಗಿ ನೋಡುತ್ತಿರುವಾಗ ಹೆಂಡತಿ ಶೋಭಾ ಬಂದು, ಉಗುರಿನಿಂದ ಅದನ್ನು ಸುಲಿದು ನನ್ನ ಅಂಗೈಯಲ್ಲಿ ಇಟ್ಟಳು. ಮೈಬಣ್ಣದ, ಮೊಟ್ಟೆಯಾಕಾರದ ಒಂದು ಅಂಟುಪಟ್ಟಿ. ಅದರ ಮೇಲೆ ಅವಳೇ ಸ್ಕೆಚ್ ಪೆನ್ನಿನಿಂದ ಬರೆದಿದ್ದ ಚಿಟ್ಟೆಯ ಒಂದು ರೆಕ್ಕೆ ಇನ್ನೂ ಉಳಿದಿತ್ತು.

“ಗೌರಿದು,” ಎಂದಳು. “ಹಲ್ಲಿ ಅಲ್ಲ ಅಂತ ಖಾತ್ರಿ ಆತೋ, ಇಲ್ಲಾ ಇನ್ನೊಬ್ಬರನ್ನ ಕರದು ಕೇಳ್ತೀರೋ?”

ಇನ್ನೊಬ್ಬರನ್ನು ಕೇಳುವುದು ನನ್ನ ಚಟ. ಬಸ್ಸಿನ ಬೋರ್ಡು ಓದಿ ಹತ್ತಿದ ಮೇಲೂ ಕಂಡಕ್ಟರನನ್ನು ಕೇಳುತ್ತೇನೆ, ಅವನು ಆ ಕಡೆ ಹೋದ ಮೇಲೆ ಪಕ್ಕದಲ್ಲಿ ಕುಳಿತವರನ್ನು ಕೇಳುತ್ತೇನೆ. ಅಂಗಡಿಯಲ್ಲಿ ಮುಂದೆ ಇಟ್ಟ ಬಿಸ್ಕತ್ತಿನ ಪೊಟ್ಟಣ ಬಿಟ್ಟು ಹಿಂದೆ ಅಡಗಿಸಿಟ್ಟದ್ದನ್ನು ಎಳೆಯುತ್ತೇನೆ. ಅದು ಹಳೆಯದಾಗಿರುತ್ತದೆ ಎಂದು ಶೋಭಾ ಎಷ್ಟು ಸಲ ಹೇಳಿದ್ದರೂ ಅಂಗಡಿಯವನಿಗೂ ಅದು ಗೊತ್ತಿದ್ದು, ನನ್ನಂಥವರಿಗಾಗಿಯೇ ತಿರುವುಮುರುವು ಮಾಡಿಟ್ಟಿರಬಹುದಲ್ಲ ಎಂದು ನನ್ನ ತಲೆ ಓಡುತ್ತದೆ.

ಇದರಲ್ಲಿ ಕಸುಬಿನ ಪಾಲೂ ಇದೆ ಅನ್ನಿ. ನಾನು ಒಣದ್ರಾಕ್ಷಿಯ ವ್ಯಾಪಾರಿ. ತಿಕೋಟಾ, ಬಬಲೇಶ್ವರ ಕಡೆಯ ಬೆಳೆಗಾರರ ಶೆಡ್ಡುಗಳಿಗೆ ಹೋಗಿ ಮಾಲು ಹಿಡಿದು, ವಿಜಯಪುರದ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು, ದರ ಬಂದಾಗ ಮಾರುವವನು. ಡಬ್ಬಿಯ ಮೇಲಿನ ಪದರದಲ್ಲಿ ಹಸಿರುಬಂಗಾರದ ಬಣ್ಣದ ದುಂಡು ಕಾಳು ಮಿಂಚುತ್ತಿರುತ್ತವೆ. ಅದನ್ನು ನೋಡಿ ಬಾಯಿ ಬಿಟ್ಟವನು ಆ ವರ್ಷವೇ ಅಂಗಡಿ ಮುಚ್ಚುತ್ತಾನೆ. ಮೊಣಕೈವರೆಗೆ ಕೈ ಇಳಿಸಿ ತಳದ ಕಾಳನ್ನು ಎತ್ತಬೇಕು, ಎತ್ತಿದ್ದನ್ನು ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡಬೇಕು. ಕೋಲ್ಡ್ ಸ್ಟೋರೇಜಿಗೆ ಕಳಿಸುವ ಮೊದಲು ಡಬ್ಬಿಯ ಮೂಲೆಯಲ್ಲಿ ನನಗೆ ಮಾತ್ರ ಗೊತ್ತಾಗುವಂತೆ ಒಂದು ಗುರುತು ಹಾಕುತ್ತೇನೆ. ಒಳಗೆ ಹೋದ ಮಾಲೇ ಹೊರಗೆ ಬರಬೇಕಲ್ಲ.

ಉಳಿದದ್ದು ಅಪ್ಪನಿಂದ ಬಂದ ಆಸ್ತಿ. ನಾವು ಮೂಲತಃ ಘೋಣಸಗಿಯವರು. ಸಣ್ಣವನಿದ್ದಾಗ ಅಪ್ಪ ನನ್ನನ್ನು ಎತ್ತು ನೋಡಲು ಕನಮಡಿಗೆ ಕರೆದುಕೊಂಡು ಹೋಗುತ್ತಿದ್ದ. ಮಾರುವವರು ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲ, ಋಣಕ್ಕೆ ಬೀಳುತ್ತೇವೆ ಎನ್ನುತ್ತಿದ್ದ. ಹಲ್ಲು ನೋಡಿ, ಗೊರಸು ಎತ್ತಿ, ಬಾಲದ ಬುಡ ಒತ್ತಿ, ಕೊನೆಗೆ ಎತ್ತಿನ ಪಕ್ಕದಲ್ಲಿ ನಿಂತು ಒಂದು ಜೋಳದ ದಂಟನ್ನು ಅದರ ಕಣ್ಣಿನ ಹತ್ತಿರ ತೀರ ಸಾವಕಾಶವಾಗಿ ಒಯ್ಯುತ್ತಿದ್ದ. “ಗಾಳಿ ತಾಗಬಾರದು ನೋಡ. ಗಾಳಿ ತಾಗಿದ್ರ ಕುರುಡ ಎತ್ತೂ ಕಣ್ಣ ಪಿಳಕಸ್ತೈತಿ. ದಂಟು ಕಂಡು ಪಿಳಕಸ್ಬೇಕು,” ಎಂದು ನನಗೆ ಮೆಲ್ಲಗೆ ಹೇಳುತ್ತಿದ್ದ. ಎತ್ತು ಕಣ್ಣು ಮಿಟುಕಿಸುವವರೆಗೆ ನಾನು ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದೆ. ಆಮೇಲೆ ಅಪ್ಪ ಇನ್ನೊಂದು ಪಕ್ಕಕ್ಕೆ ಹೋಗಿ ಮತ್ತೆ ಅದನ್ನೇ ಮಾಡುತ್ತಿದ್ದ.

ಇಂಥ ವಂಶದಲ್ಲಿ ಗೌರಿ ಹುಟ್ಟಿದಳು. ಹುಟ್ಟಿದ್ದು ಅವಳ ತಾಯಿಯ ತವರು ಬಬಲೇಶ್ವರದಲ್ಲಿ. ಬಾಣಂತನ ಮುಗಿಸಿ ವಿಜಯಪುರದ ನಮ್ಮ ಮನೆಗೆ ಬಂದ ದಿನ ಅವಳನ್ನು ನನ್ನ ಅವ್ವನ ತೊಡೆಯ ಮೇಲೆ ಮಲಗಿಸಿ ಒಂದು ಫೋಟೋ ತೆಗೆದೆ. ಮಬ್ಬಾಗಿದ್ದರಿಂದ ಫ್ಲ್ಯಾಶ್ ಬಿತ್ತು. ಬಲಗಣ್ಣಿನಲ್ಲಿ ಎಲ್ಲರ ಕಣ್ಣಿನಲ್ಲಿ ಬರುವಂಥ ಕೆಂಪು ಚುಕ್ಕಿ. ಎಡಗಣ್ಣಿನಲ್ಲಿ ಮಾತ್ರ ಬಿಳಿ, ಹಾಲಿನ ಹನಿ ಬಿದ್ದ ಹಾಗೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ. ನಾನು ಫೋನನ್ನು ಅನುಮಾನಿಸಿದೆ. ಮರುದಿನವೇ ಅದನ್ನು ಕೊಂಡಿದ್ದ ಅಂಗಡಿಗೆ ಒಯ್ದು, ಕ್ಯಾಮೆರಾ ಕೆಟ್ಟಿದೆ, ಬದಲಿಸಿಕೊಡಿ ಎಂದೆ. ಅಂಗಡಿಯವರು ಗಾಜು ಒರೆಸಿ ನನ್ನದೇ ಮೋರೆಯ ಫೋಟೋ ತೆಗೆದರು. ನನ್ನ ಎರಡೂ ಕಣ್ಣು ಕೆಂಪಗೆ ಚೆನ್ನಾಗಿಯೇ ಬಂದಿದ್ದವು. “ಫೋನ್ ಚಲೋ ಐತ್ರಿ. ಕೂಸಿನ ಕಣ್ಣ ಎಲ್ಲೆರ ತೋರಸ್ರಿ,” ಎಂದರು. ಬದಲಿ ಕೊಡುವುದನ್ನು ತಪ್ಪಿಸಿಕೊಳ್ಳಲು ನನ್ನ ಮಗಳ ಕಣ್ಣಿಗೆ ದೋಷ ಹಚ್ಚುತ್ತಿದ್ದಾರೆ ಎಂದು ಸಿಟ್ಟು ಬಂತು. ಮನೆಗೆ ಬಂದು ಶೋಭಾಳ ಫೋನಿನಿಂದ ತೆಗೆದೆ. ಅವ್ವನ ಫೋನಿನಿಂದ ತೆಗೆದೆ. ಬಿಳಿ, ಬಿಳಿ.

ಆಗ ಬಾಗಿಲು ಹಾಕಿಕೊಂಡು ಗೌರಿಯ ಎದುರು ಕುಳಿತೆ. ಒಂದು ಕೈಯಿಂದ ಅವಳ ಬಲಗಣ್ಣನ್ನು ಮೆಲ್ಲಗೆ ಮರೆಮಾಡಿ, ಇನ್ನೊಂದು ಕೈಯಲ್ಲಿ ಅವಳು ಇಷ್ಟಪಡುತ್ತಿದ್ದ ಕೆಂಪು ಬಟ್ಟೆಯ ಚೂರನ್ನು ಎಡಗಣ್ಣಿನ ಮುಂದೆ ಸಾವಕಾಶವಾಗಿ ಆ ಕಡೆ ಈ ಕಡೆ ಒಯ್ದೆ. ಗಾಳಿ ತಾಗದ ಹಾಗೆ. ಆ ಕಣ್ಣು ಬಟ್ಟೆಯ ಹಿಂದೆ ಹೋಗಲಿಲ್ಲ, ಮಿಟುಕಲೂ ಇಲ್ಲ, ನನ್ನ ಭುಜದ ಆಚೆ ಎಲ್ಲಿಯೋ ನೋಡುತ್ತಿತ್ತು. ಹಡೆದ ಮಗಳ ಮುಂದೆ ಎತ್ತು ಕೊಳ್ಳುವವನ ಹಾಗೆ ಕುಳಿತಿದ್ದೇನಲ್ಲ ಎಂದು ಅಳು ಬಂತು. ಆದರೂ ಇನ್ನೊಮ್ಮೆ ಮಾಡಿ ನೋಡಿದೆ.

ಮಕ್ಕಳ ಕಣ್ಣು ನೋಡುವ ಡಾಕ್ಟರಮ್ಮ ಚಿಕ್ಕ ಟಾರ್ಚಿನಿಂದ ನೋಡಿ, “ಮೋತಿಬಿಂದು ಐತಿ, ಕಣ್ಣಿನ ಪೊರಿ. ಹುಟ್ಟಿದಾಗಿಂದ,” ಎಂದರು.

“ಮೋತಿಬಿಂದು ಮುದುಕರಿಗೆ ಬರೋದಲ್ಲರಿ ಮೇಡಮ್ಮಾರ?”

“ಕೂಸುಗಳಿಗೂ ಬರ್ತೈತ್ರಿ. ಮುದುಕರದು ಸಾವಕಾಶ ತಗದ್ರೂ ನಡೀತೈತಿ, ಇವರದು ನಡಿಯಂಗಿಲ್ಲ. ನೋಡೋದನ್ನ ಮಿದುಳು ಈಗ ಕಲಿಯಾಕತ್ತೈತಿ. ತಡಾ ಮಾಡಿದ್ರ ಆಮ್ಯಾಲ ಕಣ್ಣ ಎಷ್ಟು ಸ್ವಚ್ಛ ಮಾಡಿದ್ರೂ ಮಿದುಳು ಆ ಕಣ್ಣಿನ ಮಾತು ಕೇಳಂಗಿಲ್ಲ.”

ಅವಸರ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇವತ್ತೇ ಒಯ್ಯಿರಿ, ನಾಳೆ ಮಾಲು ಸಿಗುವುದಿಲ್ಲ ಎನ್ನುವ ಬೆಳೆಗಾರನ ಡಬ್ಬಿಯ ತಳ ನೋಡದೆ ನಾನು ಏಳುವವನಲ್ಲ. ಇನ್ನೊಬ್ಬ ಡಾಕ್ಟರರ ಹತ್ತಿರ ಹೋದೆ, ಅವರೂ ಅದನ್ನೇ ಹೇಳಿದರು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು ಇರಬಹುದೇ ಎಂದು ಗೋಡೆಯ ಮೇಲಿನ ಸರ್ಟಿಫಿಕೇಟು ಓದುತ್ತಾ ನಿಂತಿದ್ದಾಗ ಶೋಭಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. “ನೀವು ಪೂರಾ ಜಿಲ್ಲಾ ತಿರುಗಿ ಬರ್ರಿ. ನಾ ಆಪರೇಷನ್ ಮಾಡಸ್ತೀನಿ,” ಎಂದಳು. ನಾನು ಅವಳ ಹಿಂದೆ ಹೋದೆ.

ಆಪರೇಷನ್ನಿನ ದಿನ ಬೆಳಿಗ್ಗೆಯಿಂದ ಮಗುವಿಗೆ ಹಾಲು ಕೊಡಬಾರದು ಎಂದಿದ್ದರು. ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅದು ಉಸಿರಿನ ದಾರಿಗೆ ಬರುತ್ತದಂತೆ. ಗೌರಿ ಹಸಿದು ಒರಲುತ್ತಿದ್ದಳು. ಅವ್ವನಿಗೂ, ಬಬಲೇಶ್ವರದಿಂದ ಬಂದಿದ್ದ ಅತ್ತೆಗೂ ಅದನ್ನು ನೋಡುವುದಾಗುತ್ತಿರಲಿಲ್ಲ. ಇಬ್ಬರಲ್ಲಿ ಯಾರಾದರೂ ಬೆರಳನ್ನು ಸಕ್ಕರೆ ನೀರಿನಲ್ಲಿ ಅದ್ದಿ ಬಾಯಿಗೆ ಇಟ್ಟೇ ಇಡುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅತ್ತೆ ಕೈ ತೊಳೆಯಲು ಹೋದರೆ ಹಿಂದೆ ಹೋದೆ. ಅವ್ವ ಸೆರಗಿನ ಗಂಟು ಬಿಚ್ಚಿದರೆ ಎದುರು ನಿಂತೆ. ಗಂಟಿನಲ್ಲಿ ಎಲೆ ಅಡಿಕೆ ಇತ್ತು.

ಆಸ್ಪತ್ರೆಯಲ್ಲಿ ನರ್ಸ್ ಬಂದು ಗೌರಿಯ ಎಡ ಹುಬ್ಬಿನ ಮೇಲೆ ಪೆನ್ನಿನಿಂದ ಒಂದು ಬಾಣ ಬರೆದರು. ಅದು ಬೆವರಿಗೆ ಅಳಿಸಿಹೋದರೆ? ತಪ್ಪು ಕಣ್ಣನ್ನು ಕೊಯ್ದರೆ? ಹಾಗೆ ಆದದ್ದನ್ನು ಎಲ್ಲಿಯೋ ಕೇಳಿದ್ದೆ, ಕೇಳದಿದ್ದರೆ ನಾನೇ ಕಲ್ಪಿಸಿಕೊಂಡಿದ್ದೆ. “ಎಡಗಣ್ಣರಿ, ಸಿಸ್ಟರ್,” ಎಂದೆ. “ಹೌದ್ರಿ,” ಎಂದರು. ಅರಿವಳಿಕೆ ಕೊಡುವ ಡಾಕ್ಟರು ಬಂದಾಗ ಅವರಿಗೂ ಹೇಳಿದೆ. ಬಾಗಿಲು ಕಾಯುವವನಿಗೂ ಹೇಳಿದೆ. ಕೊನೆಗೆ ಡಬ್ಬಿಗೆ ಗುರುತು ಹಾಕಿದ ಹಾಗೆ ನಾನೇ ಜೇಬಿನ ಪೆನ್ನು ತೆಗೆದು ಅವಳ ಎಡಗೆನ್ನೆಯ ಮೇಲೆ ಒಂದು ಚುಕ್ಕಿ ಇಡಲು ಹೊರಟಾಗ ಸಿಸ್ಟರ್ ಪೆನ್ನು ಕಸಿದುಕೊಂಡರು. “ನಿಮ್ಮ ಚುಕ್ಕಿ ನೋಡಿ ಡಾಕ್ಟರಿಗೆ ಗೊಂದಲ ಆದೀತು, ಸುಮ್ಮ ಕುಂದರ್ರಿ.”

ಆಮೇಲೆ ಅವರು ಮಗುವಿಗೆ ಕೈ ಚಾಚಿದರು. ಅಷ್ಟು ಹೊತ್ತು ಅಳುತ್ತಿದ್ದವಳು ಆಗ ಅಳಲಿಲ್ಲ, ಅಳುವ ಶಕ್ತಿ ಉಳಿದಿರಲಿಲ್ಲ. ನನ್ನ ಅಂಗಿಯ ಗುಂಡಿಯನ್ನು ಹಿಡಿದಿದ್ದಳು. ಆ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿಕೊಟ್ಟೆ. ಬಾಗಿಲು ಮುಚ್ಚಿತು. ಅದರ ಗಾಜಿಗೆ ಒಳಗಿನಿಂದ ಬಿಳಿ ಕಾಗದ ಹಚ್ಚಿದ್ದರು. ಬಿಳಿ ಕಾಗದ ಹಚ್ಚಲು ಏನು ಕಾರಣ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಶೋಭಾಳ ಪಕ್ಕ ಕುಳಿತುಕೊಂಡೆ. ಬದುಕಿನಲ್ಲಿ ಯಾರನ್ನೂ ನಂಬದವನು ಆ ಹೊತ್ತು, ಮೋರೆ ಕೂಡ ನೆಟ್ಟಗೆ ನೋಡದ ನಾಲ್ಕಾರು ಜನರ ಕೈಗೆ ಮಗುವನ್ನು ಒಪ್ಪಿಸಿ ಕುಳಿತಿದ್ದೆ. ಬಹಳ ಹೆದರಿಕೆಯಾಗಿತ್ತು.

ಹೊರಗೆ ತಂದಾಗ ತಲೆಯಿಂದ ಗಲ್ಲದವರೆಗೆ ಹಸಿರು ಬಟ್ಟೆ ಸುತ್ತಿದ್ದರು, ಎಡಗಣ್ಣಿನ ಮೇಲೆ ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳ. ಅದೇ ಬಟ್ಟೆ ಸುತ್ತಿದ ಇನ್ನೊಂದು ಮಗು ಆಚೆಯ ಮಂಚದ ಮೇಲಿತ್ತು. ನಾನು ಸದ್ದಿಲ್ಲದೆ ಗೌರಿಯ ಎಡಗಾಲನ್ನು ಬಟ್ಟೆಯಿಂದ ಹೊರಗೆ ತೆಗೆದು ಹಿಮ್ಮಡಿಯ ಮಚ್ಚೆ ನೋಡಿದೆ. ಇತ್ತು. ತಲೆ ಎತ್ತಿದರೆ ಶೋಭಾ ಇನ್ನೊಂದು ಕಡೆಯಿಂದ ಅವಳ ಕೈಯ ಬೆರಳು ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅವ್ವನೇ ಎಲ್ಲಕ್ಕೂ ಮುಂದು. ಅವಳಿಗೆ ಈ ವಿದ್ಯೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ತಿಕೋಟಾದಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಅವಳದೇ ಮೋತಿಬಿಂದು ತೆಗೆಸಿಕೊಂಡಿದ್ದಳು. ಕೊಯ್ದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಒಲೆಯ ಮುಂದೆ ಹೋಗದೆ, ತಲೆಗೆ ನೀರು ಹಾಕಿಕೊಳ್ಳದೆ, ಕೆಮ್ಮು ಬಂದರೂ ತಡೆದುಕೊಂಡು ಕುಳಿತದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. “ಕೊಯ್ದ ಕಣ್ಣ ಅಂದ್ರ ಹಸಿ ಬಾಣಂತಿ ಇದ್ದಂಗ. ಗಾಳಿ ಬೆಳಕು ತಾಗಬಾರದು,” ಎನ್ನುವುದು ಅವಳ ಮಾತು. ಗೌರಿಯ ಪ್ಲಾಸ್ಟಿಕ್ ಮುಚ್ಚಳವನ್ನು ಅವಳು ಕಾದಂತೆ ಯಾರೂ ಕಾಯಲಿಲ್ಲ.

ಗಾಯ ಮಾಯ್ದು ಮುಚ್ಚಳ ತೆಗೆದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನು ಒಳಗೆ ಕೂಡಿಸಿಕೊಂಡರು. ಎಡಗಣ್ಣಿಗೆ ದಪ್ಪ ಗಾಜಿನ ಪುಟ್ಟ ಕನ್ನಡಕ. ಅದರ ಜೊತೆಗೆ ದಿನಾ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಲಗಣ್ಣಿಗೆ ಪಟ್ಟಿ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿಬಿಟ್ಟರೆ ಆಗ ಸೋಮಾರಿ ಕಣ್ಣು ಕೆಲಸಕ್ಕೆ ಬರುತ್ತದೆ. “ಅಳ್ತಾಳ. ಕಿತ್ತ ಒಗಿಯಾಕ ನೋಡ್ತಾಳ. ಬಿಡಬ್ಯಾಡ್ರಿ. ಆಪರೇಷನ್ ನಂದು ಮುಗೀತು, ಉಳದದ್ದು ನಿಮ್ಮದು,” ಎಂದರು. ನನಗೆ ಈ ಮಾತು ಹಿಡಿಸಲಿಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ನಮ್ಮ ತಲೆಗೆ ಕಟ್ಟಲು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾರೆ ಎನಿಸಿತು. ಅವ್ವ ಅಷ್ಟು ಹೊತ್ತು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ತಂದೆತಾಯಿಗಳಿಗೆ ಮಾತ್ರ ಒಳಗೆ ಪ್ರವೇಶವಿತ್ತು.

ಶೋಭಾ ಅರಕೇರಿಯ ಶಾಲೆಯಲ್ಲಿ ಟೀಚರು. ರಜೆ ಮುಗಿದಿತ್ತು. ಬೆಳಿಗ್ಗೆ ಗೌರಿಯ ಬಲಗಣ್ಣಿಗೆ ಪಟ್ಟಿ ಹಚ್ಚಿ, ಅದರ ಮೇಲೆ ಚಿಟ್ಟೆಯನ್ನೋ ಹೂವನ್ನೋ ಬರೆದು, ಅವಳ ಕಿರುಚಾಟ ಕಿವಿಯಲ್ಲಿ ಇಟ್ಟುಕೊಂಡೇ ಬಸ್ಸಿಗೆ ಓಡುತ್ತಿದ್ದಳು. ನಾನು ತಿಕೋಟಾದ ಶೆಡ್ಡುಗಳ ಕಡೆ ಹೋಗುತ್ತಿದ್ದೆ. ಮಗು ಅವ್ವನ ಹತ್ತಿರ. ಆಗೀಗ ಅತ್ತೆ ಬಬಲೇಶ್ವರದಿಂದ ಬಂದು ನಾಲ್ಕು ದಿನ ಇರುತ್ತಿದ್ದರು. ಸಂಜೆ ನಾವು ಬರುವ ಹೊತ್ತಿಗೆ ಪಟ್ಟಿಯ ವೇಳೆ ಮುಗಿದು ಗೌರಿ ಎರಡೂ ಕಣ್ಣು ಬಿಟ್ಟುಕೊಂಡು ಆಡುತ್ತಿರುತ್ತಿದ್ದಳು. ರವಿವಾರ ನಾನು ಮನೆಯಲ್ಲಿರುವಾಗ ಮಾತ್ರ ಪಟ್ಟಿಯ ಗೌರಿಯನ್ನು ನೋಡುತ್ತಿದ್ದೆ. ಎದುರಿಗೇ ನಿಂತರೂ ಅವಳು ಎಲ್ಲೋ ನೋಡುತ್ತಿದ್ದಳು. ನಾನು ಮಾತಾಡಿದರೆ ಧ್ವನಿ ಬಂದ ಕಡೆ ಮೋರೆ ತಿರುಗಿಸುತ್ತಿದ್ದಳು.

ಕೆಲವು ತಿಂಗಳ ಮೇಲೆ ಡಾಕ್ಟರಮ್ಮ ಬಲಗಣ್ಣನ್ನು ಮುಚ್ಚಿ, ಎಡಗಣ್ಣಿನ ಮುಂದೆ ಬೊಂಬೆ ಆಡಿಸಿ, ಮುಖ ಸಪ್ಪಗೆ ಮಾಡಿದರು. “ಕಣ್ಣ ಸ್ವಚ್ಛ ಐತಿ. ಆದ್ರ ನೋಡವಲ್ದು. ಪಟ್ಟಿ ಸರಿಯಾಗಿ ಹಾಕಾಕತ್ತೀರೇನು?”

“ಒಂದು ದಿನಾನೂ ತಪ್ಪಿಲ್ರಿ,” ಎಂದಳು ಶೋಭಾ.

“ಮತ್ತ ಇಷ್ಟರಾಗ ಏನರ ಸುಧಾರಣಿ ಕಾಣಬೇಕಾಗಿತ್ತು. ಈ ತಿಂಗಳು ಹ್ವಾದ್ರ ಮತ್ತ ಬರಂಗಿಲ್ರಿ. ಹಿಂಗ ನಡದ್ರ ಆ ಕಣ್ಣ ಹೋದಂಗನ.”

ಹೊರಗೆ ಬಂದ ಮೇಲೆ ನಾನು ಆಪರೇಷನ್ನೇ ಕೆಟ್ಟಿರಬೇಕು, ಅದನ್ನು ಮುಚ್ಚಿಡಲು ಪಟ್ಟಿಯ ಮಾತು ತೆಗೆಯುತ್ತಾರೆ ಎಂದೆ. ಶೋಭಾ ಆಟೋದಲ್ಲಿ ಮಗುವನ್ನು ಅವಚಿಕೊಂಡು ಆ ಕಡೆ ಮುಖ ಮಾಡಿದ್ದಳು. “ಯಾರ ಮ್ಯಾಲೆರ ಸಂಶೇ ಪಡ್ರಿ. ನನ್ನ ಕೂಸಿನ ಕಣ್ಣ ಹೊಂಟೈತಿ,” ಎಂದಳು. ಆ ಮಾತು ಎದೆಗೆ ನಾಟಿತು. ನನ್ನ ಅನುಮಾನದಿಂದ ಇದುವರೆಗೆ ಡಬ್ಬಿಗಳಿಗೆ ಉಪಯೋಗವಾಗಿದೆ, ಮಗಳಿಗೂ ಆಗಲಿ ಎಂದು ತಪಾಸಣೆಗೆ ಇಳಿದೆ.

ಒಂದು ಸಂಗತಿ ನನ್ನ ತಲೆಯಲ್ಲಿ ಮೊದಲಿನಿಂದ ಕೊರೆಯುತ್ತಿತ್ತು. ತಂದ ಪಟ್ಟಿಗಳು ತೀರಬೇಕಾದ ದಿನಕ್ಕಿಂತ ಮೊದಲೇ ತೀರಿಹೋಗುತ್ತಿದ್ದವು. ಔಷಧಿ ಅಂಗಡಿಯವರು ಕಡಿಮೆ ತುಂಬಿ ಕೊಡುತ್ತಿದ್ದಾರೆ ಎಂದು ಅವರ ಮುಂದೆಯೇ ಹೊಸ ಪೆಟ್ಟಿಗೆ ಒಡೆದು ಎಣಿಸಿದೆ, ಸರಿಯಾಗಿತ್ತು. ಅಂದರೆ ಮನೆಯಲ್ಲಿ ಯಾರೋ ಪಟ್ಟಿ ಕೀಳುತ್ತಿದ್ದಾರೆ, ನಾವು ನಡುವೆ ಬಂದುಬಿಟ್ಟರೆ ಗುಟ್ಟು ಬಯಲಾಗಬಾರದೆಂದು ಆಮೇಲೆ ಹೊಸದನ್ನು ಹಚ್ಚುತ್ತಿದ್ದಾರೆ. ಯಾರು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಅತ್ತೆಯದು ಬೆಣ್ಣೆಯಂಥ ಮನಸ್ಸು, ಮಗು ಅತ್ತರೆ ತಾವೂ ಅಳುವವರು. ನನ್ನ ಅವ್ವ ಹಾಗಲ್ಲ, ಶಿಸ್ತಿನವಳು.

ಮರುದಿನವೇ ಬಬಲೇಶ್ವರಕ್ಕೆ ಹೋದೆ. ಅತ್ತೆ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮೊಸರು ಮುಂದಿಟ್ಟರು. ಅಪ್ಪನನ್ನು ನೆನೆದು ಉಣ್ಣುವ ಮೊದಲೇ ವಿಷಯ ತೆಗೆಯಬೇಕು ಎಂದುಕೊಂಡಿದ್ದೆ, ರೊಟ್ಟಿ ಬಿಸಿಯಿತ್ತು, ಆಗಲಿಲ್ಲ. ಕೈ ತೊಳೆದ ಮೇಲೆ ಕೇಳಿದೆ.

ಅವರು ತಾಟು ಎತ್ತುತ್ತಿದ್ದವರು ಹಾಗೇ ಕುಳಿತರು. “ಅಳಿಯಾರ, ಆಪರೇಷನ್ ದಿನಾ ನಾ ಕೈ ತೊಳಿಯಾಕ ಹ್ವಾದ್ರೂ ನೀವು ಬೆನ್ನ ಹತ್ತಿ ಬಂದ್ರಿ. ನಾ ಯಾರ ಮುಂದೂ ಆಡಲಿಲ್ಲ. ಈಗ ಇದು. ನಾ ಇದ್ದಾಗ ಕೂಸು ಪಟ್ಟಿ ಕಟಗೊಂಡು ಕಿಲಿಕಿಲಿ ನಗತಿರತೈತಿ. ನಾ ಯಾಕ ಕೀಳ್ಲಿ?”

ಅವರ ಕಣ್ಣಲ್ಲಿ ನೀರಿತ್ತು. ನಾನು ತಲೆ ತಗ್ಗಿಸಿ ಹೊರಗೆ ಬಂದೆ. ಬೈಕಿನ ಮೇಲೆ ಅರ್ಧ ದಾರಿಗೆ ಬಂದಾಗ ಅವರ ಮಾತು ಮತ್ತೆ ನೆನಪಾಯಿತು. ಪಟ್ಟಿ ಕಟ್ಟಿಕೊಂಡು ನಗುತ್ತಿರುತ್ತದೆ ಎಂದರಲ್ಲ. ನಾನು ಕಂಡ ಒಂದು ರವಿವಾರವೂ ಗೌರಿ ಪಟ್ಟಿ ಹಚ್ಚಿದಾಗ ನಕ್ಕಿರಲಿಲ್ಲ. ಶೆಡ್ಡಿಗೆ ಹೋಗುವುದು ಬಿಟ್ಟು ನೆಟ್ಟಗೆ ಮನೆಗೆ ಗಾಡಿ ತಿರುಗಿಸಿದೆ.

ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಗೌರಿ ಅವಳ ಚಾಚಿದ ಕಾಲಿನ ಮೇಲೆ ಕುಳಿತು ಚಮಚದಿಂದ ಡಬ್ಬಿ ಬಡಿಯುತ್ತಾ, ನನ್ನನ್ನು ನೋಡಿ ಬಾಯ್ತುಂಬ ನಕ್ಕಳು. ಅವಳ ಕಣ್ಣಿಗೆ ಪಟ್ಟಿ ಇತ್ತು. ಎಡಗಣ್ಣಿಗೆ.

“ಯವ್ವಾ, ಪಟ್ಟಿ ಆ ಕಣ್ಣಿಗೆ ಯಾರು ಹಚ್ಚಿದ್ರು?”

“ನಾನ,” ಎಂದಳು ಅವ್ವ, ಯಾವ ಅಳುಕೂ ಇಲ್ಲದೆ. “ಮುಂಜಾನಿ ಗಡಿಬಿಡ್ಯಾಗ ಆಕಿ ದಿನಾ ತಪ್ಪ ಕಣ್ಣಿಗೆ ಹಚ್ಚಿ ಹೋಗ್ತಾಳಪಾ. ಕೂಸಿನ್ನ ಎದುರಿಗೆ ಹಾಕ್ಕೊಂಡ್ರ ಎಡಾ ಬಲಾ ಅದಲು ಬದಲಾಗತೈತಿ. ನಾ ತಗದು ಕೊಯ್ದ ಕಣ್ಣಿಗೆ ಹೊಸಾದು ಹಚ್ಚತೀನಿ. ಹಚ್ಚಿದ ಕೂಡ್ಲೆ ಅಳು ನಿಂದರತೈತಿ ನೋಡ, ಕೂಸಿಗೂ ತಿಳೀತೈತಿ.”

“ನಮಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀ ಸುಮ್ಮ ಇರತಿದ್ದೇನು? ನಿನಗ ಮೊದಲ ಎಲ್ಲಾರ ಮ್ಯಾಲೂ ಸಂಶೇ. ಹೆಣ್ತಿಗೆ ಕೂಸಿನ ಕಣ್ಣೂ ಗೊತ್ತಾಗವಲ್ದು ಅಂತ ಹಾರಾಡತಿದ್ದಿ. ಪಾಪ, ನೌಕರಿ ಮಾಡಾಕಿ. ನಾ ಮುಚಗೊಂಡು ಹೋದೆ.”

ಅವಳ ಸೆರಗಿನ ಗಂಟಿನಲ್ಲಿ ಒಡೆಯದ ಹಾಗೆ ಕಟ್ಟಿಟ್ಟಿದ್ದ ಪುಟ್ಟ ಕನ್ನಡಕ ಕಾಣುತ್ತಿತ್ತು. ಆಸ್ಪತ್ರೆಯವರು ತಪ್ಪು ಕಣ್ಣಿಗೆ ಕೈ ಹಾಕುತ್ತಾರೆ ಎಂದು ಬಾಗಿಲು ಕಾಯುವವನವರೆಗೆ ಎಲ್ಲರ ತಲೆ ತಿಂದವನು ನಾನು. ಇಲ್ಲಿ ನಮ್ಮ ಪಡಸಾಲೆಯಲ್ಲಿ, ಅಕ್ಕರೆಯಿಂದ, ದಿನಾ ಅದೇ ನಡೆದಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಅವ್ವನಿಗೆ ಮೆಲ್ಲಗೆ ಬಿಡಿಸಿ ಹೇಳಿದೆ. ಒಳ್ಳೆಯ ಕಣ್ಣಿಗೇ ಯಾಕೆ ಪಟ್ಟಿ, ಅಳು ಬಂದರೇ ಯಾಕೆ ಒಳ್ಳೆಯದು, ಹೋದ ತಿಂಗಳುಗಳು ಯಾಕೆ ತಿರುಗಿ ಬರುವುದಿಲ್ಲ. ಅವ್ವ ಕೇಳುತ್ತಾ ಕೇಳುತ್ತಾ ಗೌರಿಯನ್ನು ಕಾಲಿನಿಂದ ಇಳಿಸಿ ಚಾಪೆಯ ಮೇಲೆ ಕೂಡಿಸಿದಳು. ಇನ್ನು ತಾನು ಮುಟ್ಟಬಾರದು ಎನ್ನುವ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು. “ನನ್ನ ಕೈಯಾರೆ,” ಎಂದಷ್ಟೇ ಅಂದಳು.

ಸಂಜೆ ಶೋಭಾಳಿಗೆ ಹೇಳಿದೆ. ಅವಳು ಬೈಯುತ್ತಾಳೆ, ತವರಿಗೆ ಹೋಗುತ್ತಾಳೆ ಎಂದೆಲ್ಲ ನಾನು ಎಣಿಸಿದ್ದೆ. ಅವಳು ಬಹಳ ಹೊತ್ತು ಗೌರಿಯ ಬೆನ್ನು ಸವರುತ್ತಾ ಕುಳಿತು, ಆಮೇಲೆ ಎದ್ದು ಅವ್ವನ ಮುಂದೆ ಪಟ್ಟಿಯ ಪೆಟ್ಟಿಗೆ ಇಟ್ಟಳು. “ಅತ್ತಿ, ನಾಳಿಂದ ನೀವ ಹಚ್ರಿ. ಬಲಗಣ್ಣಿಗೆ. ನನ್ನ ಕೈಲೆ ಆ ಅಳು ಕೇಳಾಕ ಆಗವಲ್ದು,” ಎಂದಳು. ಅವ್ವ ಅಂದು ಉಣ್ಣಲಿಲ್ಲ.

ಡಾಕ್ಟರಮ್ಮ ನಮ್ಮನ್ನು ಬೈಯಲಿಲ್ಲ. ಇನ್ನೂ ಸ್ವಲ್ಪ ಅವಕಾಶವಿದೆ, ಬಿಡಬೇಡಿ ಎಂದರು. ಅವ್ವ ಬಿಡಲಿಲ್ಲ. ಗೌರಿ ಕಿರುಚಿದರೆ ಅವಳ ಎರಡೂ ಕೈ ಹಿಡಿದು ಕುಳಿತು, ಹೊಳೆಯುವ ಲೋಟ, ಬಳೆ, ಕೆಂಪು ಮೆಣಸಿನಕಾಯಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಡಗಣ್ಣಿನ ಮುಂದೆ ಆಡಿಸುತ್ತಿದ್ದಳು. ತಾನೂ ಅಳುತ್ತಿದ್ದಳು. ಕೆಲವು ವಾರ ಕಳೆದ ಮೇಲೆ “ಲೋಟಕ್ಕ ಕೈ ಚಾಚತಾಳ,” ಎಂದಳು. ಬಳೆಯ ಸದ್ದು ಕೇಳಿ ಚಾಚಿರಬೇಕು ಎಂದೆ. “ನೀ ಬಂದ್ರ ನಗತಾಳ,” ಎಂದಳು. ನನ್ನ ಬೈಕಿನ ಸದ್ದು ಓಣಿಯ ಕೊನೆಯಿಂದ ಕೇಳುತ್ತದೆ ಎಂದೆ. ನಿಜ ಹೇಳಬೇಕೆಂದರೆ ನನಗೆ ನಂಬುವ ಧೈರ್ಯ ಇರಲಿಲ್ಲ. ನಂಬಿ ಆಮೇಲೆ ಸುಳ್ಳಾದರೆ ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಈ ನಡುವೆ ಅವ್ವ ಮನೆದೇವರಿಗೆ ಹರಕೆ ಹೊತ್ತಿದ್ದಳು. ಹೊತ್ತದ್ದು ಅವಳು, ಕೂದಲು ನನ್ನದು. ನನ್ನನ್ನು ಕೇಳದೆಯೇ ನನ್ನ ತಲೆ ಮತ್ತು ಮೀಸೆ ಎರಡನ್ನೂ ಒಪ್ಪಿಸಿಬಿಟ್ಟಿದ್ದಳು. ಕಾಲೇಜಿನಲ್ಲಿ ಮೂಡಿದಾಗಿನಿಂದ ಕತ್ತರಿ ಬಿಟ್ಟರೆ ಬೇರೇನೂ ಕಾಣದ ಮೀಸೆ. ಮಗು ನೋಡುವಂತಾದ ಮೇಲೆ ಕೊಡುತ್ತೇನೆ ಎಂದು ಚೌಕಾಸಿ ಮಾಡಿದೆ. “ದೇವರ ಮ್ಯಾಲೂ ಸಂಶೇ ಏನು? ಮೊದಲ ಕೊಟ್ಟು ಬಾ,” ಎಂದಳು. ಅವಳ ಮೋರೆ ನೋಡಿ ಎದುರು ಆಡಲಿಲ್ಲ. ಘೋಣಸಗಿಗೆ ಹೊರಟ ದಿನ ಬೈಕು ಗ್ಯಾರೇಜಿನಲ್ಲಿತ್ತು, ಬಸ್ಸಿಗೆ ಹೋದೆ.

ಬೋಳುತಲೆ, ಬೋಳುಮೋರೆ ಮಾಡಿಕೊಂಡು ಬಸ್ಸಿಳಿದು ನಡೆದು ಮನೆಗೆ ಬರುವಾಗ ಇನ್ನೂ ಪಟ್ಟಿಯ ವೇಳೆ ಮುಗಿದಿರಲಿಲ್ಲ. ಚಪ್ಪಲಿ ಕಟ್ಟೆಯ ಕೆಳಗೇ ಬಿಟ್ಟು ಬಾಗಿಲಲ್ಲಿ ನಿಂತೆ. ಗೌರಿ ಅವ್ವನ ತೊಡೆಯ ಮೇಲಿದ್ದಳು. ಬಲಗಣ್ಣಿಗೆ ಪಟ್ಟಿ, ಕನ್ನಡಕ ಮೂಗಿನ ಮೇಲೆ. ಅವ್ವ ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟಳು. ನಾನು ಮಾತಾಡಲಿಲ್ಲ, ಕೆಮ್ಮಲೂ ಇಲ್ಲ.

ಗೌರಿ ತಲೆ ಎತ್ತಿದಳು. ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುವ ಆ ಒಂದೇ ಕಣ್ಣು ನನ್ನ ಬೋಳು ತಲೆಯ ಮೇಲೆ ನಿಂತಿತು. ಅಲ್ಲಿಂದ ಮೂಗಿನ ಕೆಳಗೆ ಇಳಿಯಿತು. ಮತ್ತೆ ತಲೆಗೆ ಹೋಯಿತು. ಹುಬ್ಬು ಗಂಟಾಯಿತು. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ, ಅವಳು ಹಿಂದಕ್ಕೆ ಸರಿದು ಅವ್ವನ ಸೆರಗು ಹಿಡಿದಳು. ಇನ್ನೊಂದು ಹೆಜ್ಜೆ ಇಟ್ಟೆ, ತುಟಿ ನಡುಗಿ ಗಟ್ಟಿಯಾಗಿ ಅತ್ತುಬಿಟ್ಟಳು. ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ನಾನು ಹೊರಗೆ ಹೋಗಿ, ಗೋಡೆಯ ಮರೆಗೆ ಸ್ವಲ್ಪ ನಿಂತು, ಅವಳು ಸುಮ್ಮನಾದ ಮೇಲೆ ಮತ್ತೆ ಸದ್ದಿಲ್ಲದೆ ಬಾಗಿಲಿಗೆ ಬಂದೆ. ನೋಡಿದಳು, ಮತ್ತೆ ಅತ್ತಳು. ಮೂರನೆಯ ಸಲ ಹೊರಗೆ ಹೋದಾಗ “ಸಾಕು ಬಿಡೋ, ಕೂಸಿನ್ನ ಎಷ್ಟ ಅಳಸ್ತಿ,” ಎನ್ನುತ್ತಾ ಅವ್ವ ಒಳಗಿನಿಂದ ಅಗಳಿ ಹಾಕಿಕೊಂಡಳು.

ಕಟ್ಟೆಯ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಎದುರು ಮನೆಯವರು ಕಿಟಕಿಯಿಂದ ಇಣುಕಿದರು. “ಯಾಕ್ರಿ ಬಸವರಾಜಣ್ಣಾರ, ಕೂಸು ಅಷ್ಟ್ಯಾಕ ಅಳಾಕತ್ತೈತಿ?”

“ನನ್ನ ಗುರುತು ಹಿಡೀಲಿಲ್ರಿ,” ಎಂದೆ. ಹೇಳುವಾಗ ನಗು ತಡೆಯಲಾಗಲಿಲ್ಲ, ಕಣ್ಣೀರೂ ತಡೆಯಲಾಗಲಿಲ್ಲ. ಅವರು ನನ್ನ ಬೋಳು ತಲೆಯನ್ನು ಒಮ್ಮೆ, ಹಾಕಿದ ಬಾಗಿಲನ್ನು ಒಮ್ಮೆ ನೋಡಿ ಮೆಲ್ಲಗೆ ಕಿಟಕಿ ಮುಚ್ಚಿಕೊಂಡರು.